ಪಾರ್ಕಿನ ಹುಲ್ಲಿಗೆ ಚರಗ

ಬಿಸಿ ಸ್ವೀಟ್ ಕಾರ್ನ್ ತುಂಬಿದ ಕಪ್ ಹಿಡಿದು ಈರಮ್ಮ ತಾನು ಕೆಲಸಕ್ಕಿದ್ದ ತಿನಿಸಿನ ಕೌಂಟರ್ ಬಿಟ್ಟು ಹುಲ್ಲುಹಾಸಿನ ಕಡೆ ನಡೆದಾಗ, ಪಾರ್ಕಿನ ಕಸ ಗುಡಿಸುತ್ತಿದ್ದ ಗಂಡ ಮಡೆಪ್ಪ ಹೌಹಾರಿದ.

“ಎಲ್ಲಿಗಿ? ಸೂಪರ್‌ವೈಜರ್ ನೋಡಿದ್ರ ಇಬ್ಬರನೂ ಹೊರಗ ಹಾಕ್ತಾನ.”

“ನನ್ನ ಪಾಲಿನ ನಾಷ್ಟಾ ಅದರಿ ಇದು. ಇವತ್ತ ಎಳ್ಳಮಾಸಿ ಹಬ್ಬ. ಬಸರಿ ಭೂಮಿತಾಯಿಗಿ ಚರಗದ ಎಡಿ ಚೆಲ್ಲಲಾರ್ದ ನಾ ಹ್ಯಾಂಗ ಉಣ್ಣಲಿ? ನಮ್ಮೂರ ಡಾಬಕಾದಾಗ ಮಳಿ ಇಲ್ಲದ ಹೊಲ ಈ ವರ್ಷಾನೂ ಬಂಜಿ. ಈ ಹೈದರಾಬಾದಿನಾಗಾದ್ರೂ ಆಕಿ ಬಸರಿ ಅದಾಳ. ನೋಡ್ರಿ, ಎಷ್ಟ ಹಸರ! ಆಕಿ ಬಯಕಿ ತೀರಲಿ.”

ಗಿರಗಿರ ತಿರುಗುವ ತೊಟ್ಟಿಲುಗಳಲ್ಲಿ ಮಕ್ಕಳು ಕಿರುಚುತ್ತಿದ್ದವು. ಚರಗ ಚೆಲ್ಲುವಾಗ ಹೊಲದಲ್ಲಿ ಹಾಕುವ ಕೂಗನ್ನು ಅವಳು ಹಾಕಿದ್ದು ಯಾರಿಗೂ ಕೇಳಲಿಲ್ಲ. ಬೆಣ್ಣೆ, ಮಸಾಲೆ ಹಚ್ಚಿದ ಕಾಳುಗಳನ್ನು ಒಂದೂ ಬಾಯಿಗೆ ಹಾಕಿಕೊಳ್ಳದೆ ಹಸಿರಿನ ಮೇಲೆ ಚೆಲ್ಲಿದಳು. ಆಮೇಲೆ ಊರಲ್ಲಿ ಮಾಡುವಂತೆ ಮೊಣಕಾಲೂರಿ, ಹಣೆಗೆ ಹಚ್ಚಿಕೊಳ್ಳಲು ಚಿಟಿಕೆ ಮಣ್ಣಿಗಾಗಿ ಹುಲ್ಲಿನ ಬುಡಕ್ಕೆ ಬೆರಳು ತೂರಿಸಿದಳು. ಉಗುರಿಗೆ ಸಿಮೆಂಟು ತಾಗಿತು. ಎಳೆದರೆ ಹುಲ್ಲು ಪ್ಲಾಸ್ಟಿಕ್ ಚಾಪೆಯಾಗಿ ಮೇಲೆದ್ದಿತು.

ಅವಳು ತಲೆಯೆತ್ತಿ ಗಂಡನ ಮುಖ ನೋಡಿದಳು. ಆ ಹುಲ್ಲನ್ನು ದಿನಾ ಬೆಳಿಗ್ಗೆ ಸಾಬೂನು ಹಾಕಿ ತೊಳೆಯುವ ಮಡೆಪ್ಪ, ಪೊರಕೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ.