ಆಡುಸೋಗೆಯ ಬೇಲಿ

ಜಗಳಕ್ಕೆಂದೇ ಹಿತ್ತಲಿಗೆ ಬಂದ ಉಜ್ವಲಾ ಬಾಗಿಲಲ್ಲೇ ನಿಂತಳು. ಅವಳ ಬಯಲು ಬಚ್ಚಲಿಗೆ ಮರೆಯಾಗಿದ್ದ ದಾಸವಾಳದ ಬೇಲಿಯನ್ನು ನಿನ್ನೆ ಲಗಮಣ್ಣನ ಕುರಿಗಳು ಮೇಯ್ದು ಬೋಳು ಮಾಡಿದ್ದವು. ಈಗ ಲಗಮಣ್ಣನೇ ಅಲ್ಲಿ ಆಡುಸೋಗೆಯ ಕಡ್ಡಿ ನೆಟ್ಟು, ಗೂಟಗಳಿಗೆ ತನ್ನ ಕಂಬಳಿ ಕಟ್ಟುತ್ತಿದ್ದ.

“ಇದನ್ನ ಕುರಿ ಮುಟ್ಟಂಗಿಲ್ಲ, ಯವ್ವಾ. ವರ್ಷಾನಗಟ್ಲೆ ಹಸರ ಇರತೈತಿ. ಬೆಳಿಯೂತನಕ ಈ ಕಂಬಳಿ ಇರ್ಲಿ.”

ಅಷ್ಟರಲ್ಲಿ ಮಳೆ ಹನಿಯಿತು. ಗೊಬ್ಬರದ ಖಾಲಿ ಚೀಲ ತಲೆಗೆ ಹಾಕಿಕೊಂಡು ಅವನು ಕುರಿಗಳತ್ತ ನಡೆದ.

ಉಜ್ವಲಾ ಒಳಗೆ ಓಡಿ, ಗಂಡ ಇಚಲಕರಂಜಿಯಿಂದ ತಂದಿದ್ದ ಹೊಸ ಚಾದರ ತಂದಳು. ಕಂಬಳಿ ಬಿಚ್ಚಿ, ಆ ಗೂಟಗಳಿಗೆ ಚಾದರ ಕಟ್ಟಿದಳು. ಬೆನ್ನಟ್ಟಿ ಹೋಗಿ ಕಂಬಳಿಯನ್ನು ಅವನ ಹೆಗಲಿಗೆ ಹೊದಿಸಿದಳು.

“ಸಂಜೀಕ ಚಾ ಇಟ್ಟಿರತೇನಿ, ಕಾಕಾ. ಇದೇ ಹಾದ್ಯಾಗ ಕುರಿ ಹೊಡಕೊಂಡ ಬರ್ರಿ.”