ಅಳತೆ ಮೀರಿದ್ದು

ಡಯಲ್‌ನ ಮುಳ್ಳು ಹಸಿರು ಪಟ್ಟಿ ದಾಟಿ ನಿಂತಾಗ ಅವಳ ಜೀವ ಬಾಯಿಗೆ ಬಂತು. ದಾಟಿದ್ದು ಕೂದಲೆಳೆಯಷ್ಟೂ ಇಲ್ಲ. ಆದರೆ ಕೆಲಸ ಉಳಿಯಬೇಕಾದರೆ, ಅವಳೇ ಗ್ರೈಂಡಿಂಗ್ ಮಾಡಿ ತಂದ ಈ ಉಕ್ಕಿನ ಪಿನ್ನು ಅಷ್ಟೂ ತಪ್ಪುವಂತಿರಲಿಲ್ಲ.

"ದಪ್ಪ ಆಗಿದೆಯಲ್ಲಮ್ಮ," ಎಂದರು ಅಳತೆ ಕೋಣೆಯ ಹಿರಿಯರು. ಕಾರ್ಖಾನೆಗೆಲ್ಲ ಅವರು ಮೈಕ್ರಾನ್ ಮಾವ.

"ಮೆಷಿನ್ ಹತ್ರ ಸರಿಯಾಗೇ ಇತ್ತು ಸರ್. ಆಣೆಗೂ."

"ಎಲ್ಲರೂ ಹಾಗೇ ಹೇಳ್ತಾರೆ." ಗುಜರಿ ಡಬ್ಬಿಗೆ ಹಾಕಲು ಪಿನ್ನನ್ನು ಎತ್ತಿಕೊಂಡವರು ತಡೆದು ನಿಂತರು. "ಬೆಚ್ಚಗಿದೆಯಲ್ಲ. ಎಲ್ಲಿಟ್ಕೊಂಡಿದ್ದೆ?"

ಅವಳು ಬಲಗೈ ಬಿಡಿಸಿ ತೋರಿಸಿದಳು. ಹೊರಗೆ ಬೆಂಚಿನ ಮೇಲೆ ಸರದಿ ಕಾಯುವಾಗ, ಹೆದರಿಕೆಗೆ ಬಿಗಿಹಿಡಿದಿದ್ದ ಪಿನ್ನಿನ ಕೆಂಪು ಗುರುತು ಅಂಗೈಯಲ್ಲಿ ಇನ್ನೂ ಇತ್ತು.

"ಕೈಬಿಸಿಗೂ ಉಕ್ಕು ಹಿಗ್ಗತ್ತೆ ಕಣಮ್ಮ." ಮಾವ ಅದನ್ನು ತಣ್ಣನೆಯ ಗ್ರಾನೈಟ್ ಕಲ್ಲಿನ ಮೇಲಿಟ್ಟರು. ಇಬ್ಬರೂ ಹಾಲು ಉಕ್ಕೀತೆಂದು ಕಾಯುವವರಂತೆ ಅದನ್ನೇ ನೋಡುತ್ತ ಕುಳಿತರು. ಮತ್ತೆ ಅಳೆದಾಗ ಮುಳ್ಳು ಹಸಿರಿನ ನಟ್ಟನಡುವೆ ನಿಂತಿತು.

ಅವಳು ಹಿಡಿದಿದ್ದ ಉಸಿರು ಬಿಟ್ಟಳು. ಮಾವನ ಮುಖ ಮಾತ್ರ ಬಿಳಿಚಿಕೊಂಡಿತ್ತು. ಅವರ ಕಣ್ಣು ಮೂಲೆಯ ಗುಜರಿ ಡಬ್ಬಿಯ ಮೇಲಿತ್ತು.

"ಹೋದ ವಾರ ನಾನೇ ಮನೆಗೆ ಕಳಿಸಿದ್ನಲ್ಲ, ಆ ಹುಡುಗ," ಎಂದರು. "ಅವನೂ ಮುಷ್ಟೀಲೇ ಹಿಡ್ಕೊಂಡು ಬಂದಿದ್ದ."