ತೆಗೆಯಬೇಕಾದವರು

“ಇವರು ಬೇಡ. ಇವರೂ ಬೇಡ.”

ಆಕೆ ಪೆನ್ನಿನ ಮುಚ್ಚಳದಿಂದ ಒಂದೊಂದೇ ಮುಖ ತೋರಿಸುತ್ತಾ ಹೋದಳು. ಕೋಟು ತೊಟ್ಟ ಗಂಡಸು, ಊರುಗೋಲಿನ ಅಜ್ಜಿ, ಕಪ್ಪು ಕನ್ನಡಕದ ಹೆಂಗಸು.

“ಮಗು?” ಚಿತ್ರಕಾರ ಕೇಳಿದ.

“ಮಗುವೂ ಬೇಡ.”

ಮೇಜಿನ ಮೇಲೆ ಪ್ರವಾಸದ ಆರು ಫೋಟೋಗಳಿದ್ದವು. ನಲವತ್ತು ವರ್ಷ ಹಳೆಯವು. ದೀಪಸ್ತಂಭ, ಜಲಪಾತ, ಸಮುದ್ರದ ಕಟ್ಟೆ. ಎಲ್ಲದರಲ್ಲೂ ಅದೇ ಕುಟುಂಬ. ಒಂದೂ ನೆಟ್ಟಗಿರಲಿಲ್ಲ. ಒಂದು ವಾಲಿತ್ತು, ಒಂದರಲ್ಲಿ ಅಜ್ಜಿ ಕಣ್ಣು ಮುಚ್ಚಿದ್ದಳು, ಸಮುದ್ರದ್ದರಲ್ಲಿ ಅಂಚಿನಿಂದ ಯಾರದೋ ತೋಳು ನುಗ್ಗಿತ್ತು.

“ಇದಕ್ಕಿಂತ ಒಳ್ಳೇವು ಇಲ್ವಾ?”

“ಒಳ್ಳೇವನ್ನ ಅವರು ಇಟ್ಕೊಂಡ್ರು. ಬೇಡದ್ದು ನಮ್ಮ ಪಾಲಿಗೆ ಬಂತು.”

ಪಾಲು ಎಂಬ ಮಾತು ಕಿವಿಗೆ ಬಿದ್ದದ್ದೇ ಚಿತ್ರಕಾರನಿಗೆ ವಿಷಯ ಗೊತ್ತಾಯಿತು. ಮೂವತ್ತು ವರ್ಷದ ಕಸುಬಿನಲ್ಲಿ ಇಂಥವರನ್ನು ಸಾಕಷ್ಟು ಕಂಡಿದ್ದ. ಒಮ್ಮೆ ಒಂದು ಮನೆಯ ಅಳಿಯನನ್ನು ಅಳಿಸಿ, ಎರಡು ವರ್ಷದ ಮೇಲೆ ರಾಜಿಯಾದಾಗ ಅದೇ ಅಳಿಯನನ್ನು ಸ್ವಲ್ಪ ಸಣ್ಣದಾಗಿ ಮತ್ತೆ ಕೂರಿಸಿದ್ದ.

“ಸಮುದ್ರದ್ದನ್ನ ದೊಡ್ಡದಾಗಿ ಬರೀರಿ,” ಎಂದಳು ಆಕೆ. “ಇವರಷ್ಟೇ ಹೋಗಲಿ. ಮಿಕ್ಕಿದ್ದು ಇದ್ದ ಹಾಗೇ ಇರಲಿ. ಆಮೇಲೆ ಒಂದು ಮುಖ ಕೂಡಿಸೋದಿದೆ. ಆ ಫೋಟೋ ಹುಡುಕಿ ತರ್ತೀನಿ.”

“ಯಾರಿಗೆ ಈ ಚಿತ್ರ?”

“ಅಮ್ಮನಿಗೆ. ಮುಂದಿನ ತಿಂಗಳು ಎಪ್ಪತ್ತು ತುಂಬುತ್ತೆ. ಆಗೆಲ್ಲ ಮನೇಲಿ ಇದ್ದದ್ದಕ್ಕಿಂತ ಊರೂರು ಸುತ್ತಿದ್ದೇ ಜಾಸ್ತಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನಿಗೆ ಸರಿ ಬರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ. ಅವಳ ಕೈ ತಟ್ಟೆಯಲ್ಲೇ ನಿಂತಿತು.

“ಅಮ್ಮನಿಗೆ ಅಮ್ಮನೇ ಇಲ್ಲದ ಚಿತ್ರವಾ? ಕೂಡಿಸೋ ಮುಖ ಯಾರದಂತೆ?”

“ಹೇಳಲಿಲ್ಲ.”

“ಹೇಳೋದೇನು, ಅಪ್ಪನ ಎರಡನೆಯವಳದ್ದೇ ಇರಬೇಕು. ರೀ, ಈ ಪಾಪಕ್ಕೆ ನೀವು ಕೈ ಹಾಕಬೇಡಿ. ಹೆತ್ತ ಹೊಟ್ಟೆ ಉರಿದರೆ ಸುಮ್ಮನೆ ಬಿಡಲ್ಲ.”

ಕೋಟೂ ಊರುಗೋಲೂ ಅರ್ಧ ದಿನದಲ್ಲಿ ಸಮುದ್ರ ಸೇರಿದವು. ಕಪ್ಪು ಕನ್ನಡಕದ ಹೆಂಗಸಿನ ಹತ್ತಿರ ಬಂದಾಗ ಕುಂಚ ನಿಂತಿತು. ಗಾಳಿಗೆ ಕೂದಲು ಹಾರಿ, ಅವಳು ನಗುತ್ತಿದ್ದಳು. ಎರಡು ದಿನ ಯೋಚಿಸಿದ. ಬೈದರೆ ಬೈಸಿಕೊಂಡರಾಯಿತು ಎಂದು ಅವಳನ್ನು ಹಾಗೇ ಬಿಟ್ಟ; ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತ ಮಗುವನ್ನೂ ಬಿಟ್ಟ. ಕೆಲಸ ಅಚ್ಚುಕಟ್ಟಾಗಲಿ ಎಂದು, ಕೇಳದಿದ್ದರೂ, ಅಂಚಿನ ತೋಳಿನ ಮೇಲೆ ಒಂದು ಅಲೆ ಎಳೆದ. ಆ ತೋಳಿನ ಹಿಡಿತವಿಲ್ಲದೆ ಮಗು ನೀರಿಗೆ ಬೀಳುವಂತೆ ಕಂಡಿತು. ಹೆಂಗಸಿನ ಕೈಯನ್ನು ಅದರ ಸೊಂಟಕ್ಕೆ ತಂದ.

ಹೆಂಡತಿ ಬಂದು ನೋಡಿ, “ಈಗ ನೋಡಿ, ತಾಯಿ ಮಗಳು ಎಷ್ಟು ಚೆನ್ನಾಗಿದ್ದಾರೆ,” ಎಂದಳು.

ಹೇಳಿದ ದಿನಕ್ಕೆ ಸರಿಯಾಗಿ ಆಕೆ ಬಂದಳು. ಚಿತ್ರದ ಮುಂದೆ ಬಹಳ ಹೊತ್ತು ನಿಂತಳು.

ಚಿತ್ರಕಾರ ಗಂಟಲು ಸರಿಮಾಡಿಕೊಂಡ. “ತಪ್ಪು ತಿಳ್ಕೋಬೇಡಿ. ಉಳಿದವರನ್ನ ತೆಗೆದೆ. ಅಮ್ಮನನ್ನ ತೆಗೆಯೋಕೆ ಮನಸ್ಸು ಬರಲಿಲ್ಲ.”

“ತೆಗೆದಿದ್ದೀರಲ್ಲ,” ಎಂದಳು ಆಕೆ.

ಕೈಚೀಲದಿಂದ ಒಂದು ಫೋಟೋ ತೆಗೆದಳು. ಗುರುತಿನ ಚೀಟಿಗೆ ಅಂಟಿಸುವಷ್ಟು ಚಿಕ್ಕದು. ಅದರಲ್ಲಿದ್ದ ಹೆಂಗಸನ್ನು ಚಿತ್ರಕಾರ ಎಲ್ಲೂ ಕಂಡಿರಲಿಲ್ಲ. ಆಕೆ ಅದನ್ನು ಹೊಸ ಅಲೆಯ ಪಕ್ಕ ಹಿಡಿದಳು.

“ಅಮ್ಮ ಇಲ್ಲಿದ್ದಳು. ಅವರ ಮನೇಲಿ ಮಗು ನೋಡ್ಕೊಳ್ತಿದ್ದಳು. ಎಲ್ಲಿಗೆ ಹೋದರೂ ಕರ್ಕೊಂಡು ಹೋಗ್ತಿದ್ದರು. ಆ ಒಂದು ತೋಳು ಬಿಟ್ಟರೆ ಅವಳು ಯಾವ ಫೋಟೋದಲ್ಲೂ ಇಲ್ಲ.”

ಚಿತ್ರಕಾರ ಕಟ್ಟೆಯ ಮೇಲಿನ ಮಗುವನ್ನೇ ನೋಡಿದ. “ಹಾಗಾದ್ರೆ ಈ ಮಗು... ನೀವು?”

“ನಾನಲ್ಲ. ನಾನು ಮನೇಲಿದ್ದೆ.”